ಬೆಂಗಳೂರಿನ ತಟ್ಟೆಯಲ್ಲಿ ನಮ್ಮ ಶಾವಿಗೆ

ಅಮೆರಿಕದ ಪಿಜ್ಜಾ ಹಟ್ ಭಾರತದಲ್ಲಿ ಮೊದಲು ಬಾಗಿಲು ತೆರೆದದ್ದು 1996ರಲ್ಲಿ, ಬೆಂಗಳೂರಿನಲ್ಲೇ. ಅಮೆರಿಕಕ್ಕೆ ವಲಸೆ ಹೋದ ಇಟಲಿಯವರ ಅಡುಗೆ ಹೀಗೆ ನಮ್ಮವರೆಗೂ ಬಂತು. ಈಗ ಅಲ್ಲಿ ಇದಕ್ಕಿಂತ ಠೀವಿಯ ಹೋಟೆಲುಗಳೂ ಬೇಕಾದಷ್ಟಿವೆ.

ಅಂಥದೊಂದಕ್ಕೆ ತಿಮ್ಮಾಪುರದ ನನ್ನ ಹಳೆಯ ವಿದ್ಯಾರ್ಥಿ ಕರೆದೊಯ್ದ. ಮಂದ ಬೆಳಕು, ಮೆಲುಮಾತು. ತಟ್ಟೆಯಲ್ಲಿ ಬಂದ ಸ್ಪಗೆಟಿ ನೋಡಿದರೆ ದಪ್ಪ ಶಾವಿಗೆ! ನಮ್ಮ ಹೆಣ್ಣುಮಕ್ಕಳು ಬೇಸಿಗೆಯಲ್ಲಿ ಕೋಲಿನ ಮೇಲೆ ಒಣಹಾಕುವಂತೆಯೇ ನೇಪಲ್ಸಿನವರೂ ಹಿಂದೆ ಬೀದಿಯಲ್ಲಿ ಒಣಗಿಸುತ್ತಿದ್ದರು. ಮೇಲಿನ ಟೊಮೆಟೊ ಸಾರಂತೂ ಇಟಲಿಯ ಮೂಲದ್ದಲ್ಲ. ಟೊಮೆಟೊ, ನಮ್ಮ ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು.

ಹುಡುಗ ಮೆಲ್ಲಗೆ ಹೇಳಿದ: "ಹಾಸ್ಟೆಲಿನ್ಯಾಗ ಅವ್ವನ ರೊಟ್ಟಿಗಂಟು ಬಿಚ್ಚಾಕ ನಾಚಿಕಿ ಆಗತಿತ್ರಿ ಸರ್." ನಾನು ಶಾವಿಗೆಯ ಮಾತನ್ನೇ ಮುಂದುವರಿಸಿದೆ.

ಸ್ಪಗೆಟಿಗೆ ಬೇಕಾದದ್ದು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆ. ಅದರ ಪ್ರೋಟೀನಿನ ಜಾಲ ಪಿಷ್ಟವನ್ನು ಬಿಗಿಯಾಗಿ ಹಿಡಿದಿರುತ್ತದೆ. ಆದ್ದರಿಂದ ಬೆಂದರೂ ಮುದ್ದೆಯಾಗದು. ಈ ಗೋಧಿ ವಿಜಯಪುರ, ಧಾರವಾಡ ಸೀಮೆಯ ಎರೆಭೂಮಿಗೆ ಹಳೆಯ ನಂಟು. ಮಳೆ ನಿಂತ ಮೇಲೆ ನೆಲದ ಹಸಿಯಲ್ಲೇ ಬೆಳೆಯುವ ಹಿಂಗಾರಿ ಪೈರು. ಘಟಪ್ರಭೆಯ ನೀರು ಹರಿದಲ್ಲೆಲ್ಲ ಈಗ ಕಬ್ಬು.