ಕಚೇರಿಯನ್ನು ಕೇಳುವುದು

ಹನುಮಂತನಪಟ್ಟಿಯ ನಮ್ಮ ಮನೆಯಲ್ಲಿ ಕನ್ನಡವು ಕಿವಿಯ ಭಾಷೆ. ಕಂಬಂ ಕಣಿವೆಯ ಎಷ್ಟೋ ಕನ್ನಡ ಮನೆಗಳಂತೆ ನಮ್ಮಲ್ಲಿಯೂ ಆಡುವುದು ಕನ್ನಡ, ಬರೆಯುವುದು ತಮಿಳು. ನಮ್ಮ ತಾತನವರು ಬಾಳಿನುದ್ದಕ್ಕೂ ಕನ್ನಡವನ್ನೇ ಆಡಿದರು. ಅದರ ಒಂದಕ್ಷರವನ್ನೂ ಬರೆಯಲರಿಯರು. ಅವರಿಂದ ನಮಗೆ ಬಂದ ಆಸ್ತಿಯಲ್ಲಿ ಮುಖ್ಯವಾದುದು ಒಂದು ಪೆಟ್ಟಿಗೆ ಕ್ಯಾಸೆಟ್ಟುಗಳು. ಆಕಾಶವಾಣಿಯಲ್ಲಿ ಹಳೆಯ ಕಚೇರಿಗಳು ಬಂದಾಗಲೆಲ್ಲ ಅವರು ರೇಡಿಯೋದ ಮುಂದೆ ಟೇಪ್ ರೆಕಾರ್ಡರನ್ನಿಟ್ಟು ಮುದ್ರಿಸಿಕೊಂಡವು ಅವು.

ಅವುಗಳಲ್ಲಿ ತಾತನವರಿಗೆ ಅಚ್ಚುಮೆಚ್ಚಾದುದು ಚೆಂಬೈ ವೈದ್ಯನಾಥ ಭಾಗವತರ ಗಾಯನ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರವರ ಮೃದಂಗಗಳಿದ್ದ ಕಚೇರಿ. ಚೌಡಯ್ಯನವರು ಮೈಸೂರು ಸೀಮೆಯ ತಿರುಮಕೂಡಲಿನವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಡೆಯ ಸಾಲಿನವರಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿದವರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಎಂಬ ಬಿರುದನ್ನಿತ್ತಿತು. ತಮಿಳು ನಾಡಿನ ಹಳ್ಳಿಯಲ್ಲಿ ಕುಳಿತು ಅವರನ್ನು ಕೇಳುವಾಗ ತಾತನವರ ಮುಖದಲ್ಲಿ ನೆಂಟರು ಮನೆಗೆ ಬಂದ ಸಂತೋಷ ಕಾಣುತ್ತಿತ್ತು.

ಹಳೆಯ ಗ್ರಾಮಫೋನು ತಟ್ಟೆಯ ಒಂದು ಮಗ್ಗುಲಿಗೆ ಮೂರೂವರೆ ನಿಮಿಷದಷ್ಟು ಸಂಗೀತ ಮಾತ್ರ ಹಿಡಿಯುತ್ತಿತ್ತು. ಅಷ್ಟರಲ್ಲಿ ಕೃತಿ ಮುಗಿಯಬೇಕು, ಮನೋಧರ್ಮಕ್ಕೆ ಎಡೆಯೆಲ್ಲಿ? ಕಚೇರಿಯ ಮುದ್ರಣದಲ್ಲಾದರೋ ಗಾಯಕರು ಸಾಹಿತ್ಯದ ಒಂದೇ ಸಾಲನ್ನು ಹಿಡಿದು ಬಗೆಬಗೆಯಾಗಿ ನೆರವಲು ಮಾಡುತ್ತಾರೆ. ಕಲ್ಪನಾಸ್ವರವನ್ನು ಹಾಡಿ ನಿಲ್ಲಿಸುತ್ತಾರೆ. ಪಿಟೀಲು ಉತ್ತರ ಕೊಡುತ್ತದೆ. ಆ ಉತ್ತರ ಮೊದಲೇ ಬರೆದಿಟ್ಟುದಲ್ಲ. ಅದೇ ಕೃತಿ ಮರುದಿನ ಬೇರೊಂದು ಊರಿನಲ್ಲಿ ಬೇರೊಂದಾಗುತ್ತದೆ. ಆದುದರಿಂದಲೇ ರಸಿಕರು ಒಂದೇ ಕೃತಿಯ ಹತ್ತು ಮುದ್ರಣಗಳನ್ನು ಕೂಡಿಡುವುದು ಹುಚ್ಚಲ್ಲ.

ಈ ಹುಚ್ಚು ನಮ್ಮದಷ್ಟೇ ಅಲ್ಲ ಎಂಬುದು ಮುಂದೆ ತಿಳಿಯಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1965ರಲ್ಲಿ ಹುಟ್ಟಿದ ಗ್ರೇಟ್‌ಫುಲ್ ಡೆಡ್ ಎಂಬ ವಾದ್ಯವೃಂದವೂ ವೇದಿಕೆಯ ಮೇಲೆಯೇ ಹಾಡನ್ನು ಬೆಳೆಸುತ್ತಿತ್ತು. ಕೇಳುಗರು ಮುದ್ರಿಸಿಕೊಳ್ಳುವುದನ್ನು ಅವರು ತಡೆಯಲಿಲ್ಲ. 1984ರಲ್ಲಿ ಅಂಥವರಿಗೆಂದೇ ಸಭೆಯಲ್ಲಿ ಪ್ರತ್ಯೇಕ ಸ್ಥಳವನ್ನು ಕೊಟ್ಟರು. ಅಭಿಮಾನಿಗಳು ಟೇಪುಗಳನ್ನು ಮಾರದೆ ಕೈಬದಲು ಮಾಡಿಕೊಂಡರು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಅವರ ಕಚೇರಿಯ ಮುದ್ರಣವನ್ನು ಆ ದೇಶದ ಲೈಬ್ರರಿ ಆಫ್ ಕಾಂಗ್ರೆಸ್ಸು ರಕ್ಷಿಸಬೇಕಾದ ಧ್ವನಿಗಳ 2011ರ ಪಟ್ಟಿಗೆ ಸೇರಿಸಿತು. ಹೀಗೆ ಕೇಳುಗರ ಪ್ರೀತಿ ರಾಷ್ಟ್ರದ ಭಂಡಾರಕ್ಕೆ ದಾರಿ ಮಾಡಿತು.

ಇಷ್ಟನ್ನು ಹೇಳಬಲ್ಲ ನಾವೇ ಒಮ್ಮೆ ತಪ್ಪಿದೆವು. ತಾತನವರು ತೀರಿಕೊಂಡ ಮೇಲೆ ಕ್ಯಾಸೆಟ್ಟುಗಳನ್ನು ಗಣಕಯಂತ್ರಕ್ಕೆ ಇಳಿಸಿಕೊಂಡೆವು. ಶ್ರುತಿ ಸೇರಿಸುವ ಸದ್ದು, ಕೆಮ್ಮು, ಚಪ್ಪಾಳೆ, ‘ಭೇಷ್’ ಎಂಬ ಉದ್ಗಾರ, ಇವೆಲ್ಲ ಕಸವೆಂದೆಣಿಸಿ ಕತ್ತರಿಸಿದೆವು. ಟೇಪುಗಳಿಗೆ ಬೂಷ್ಟು ಹಿಡಿದಿತ್ತು, ಅವನ್ನು ಎಸೆದೆವು. ಬಳಿಕ ಒಂದು ರಾತ್ರಿ ಕೇಳಲು ಕುಳಿತಾಗ ಸಂಗೀತವಿತ್ತು, ಕಚೇರಿ ಇರಲಿಲ್ಲ. ಆಗ ಇನ್ನೊಂದು ನೆನಪಾಯಿತು. ರೇಡಿಯೋದ ಮುಂದೆ ಮುದ್ರಿಸಿದ ಆ ಟೇಪಿನಲ್ಲಿ ಹಾಡಿಗೂ ಹಾಡಿಗೂ ನಡುವೆ ತಾತನವರು ಅಜ್ಜಿಯೊಡನೆ ಆಡಿದ ಮಾತುಗಳಿದ್ದವು. ನಮ್ಮೂರಿನ ಕನ್ನಡ, ಅವರ ದನಿಯಲ್ಲಿ. ಅದು ಮತ್ತೆಲ್ಲಿಯೂ ಇಲ್ಲ. ಕಸವೆಂದು ಅದನ್ನೂ ಗುಡಿಸಿದ್ದೆವು.

ಒಂದೇ ಒಂದು ಮಾತು ಉಳಿದಿದೆ. ಗಾಯನ ನಿಂತು ಚೌಡಯ್ಯನವರು ಉತ್ತರ ಕೊಡಲು ಕಮಾನು ಎತ್ತಿದ ಗಳಿಗೆಯಲ್ಲಿ ತಾತನವರು “ಕೇಳು” ಎನ್ನುತ್ತಾರೆ. ಅದು ಪಿಟೀಲಿನ ನಾದದ ಮೇಲೆಯೇ ಬಿದ್ದುದರಿಂದ ನಮ್ಮ ಕತ್ತರಿಗೆ ಸಿಗಲಿಲ್ಲ.

ಉಪಾಧ್ಯಾಯರೂ ವಿದ್ಯಾರ್ಥಿಗಳೂ ಆದ ವಾಚಕರಲ್ಲಿ ನಮ್ಮದೊಂದು ಬಿನ್ನಹ. ಇಂದು ಮನೆಮನೆಯಲ್ಲಿಯೂ ಧ್ವನಿ ಹಿಡಿಯುವ ಫೋನಿದೆ. ಕಚೇರಿಯನ್ನಾಗಲಿ, ಹಿರಿಯರ ಮಾತನ್ನಾಗಲಿ ಮುದ್ರಿಸಿಕೊಂಡಾಗ ಅದನ್ನು ಇದ್ದಂತೆಯೇ ಇಡಿ. ಯಾವುದು ಕಸ, ಯಾವುದು ರಸ ಎಂಬುದು ಅಂದೇ ತಿಳಿಯುವುದಿಲ್ಲ.