ಹಸಿರು ಕನ್ನಡಕ

ಕಥೆಗೆ ಚಿತ್ರ ಬರೆಯುವವರ ಮೇಲೆ ನನಗೆ ಬಹುಕಾಲದಿಂದ ಒಂದು ಸಣ್ಣ ತಕರಾರು. ‘ಅಲ್ಲೊಂದು ದಟ್ಟವಾದ ಕಾಡಿತ್ತು’ ಎಂದು ಓದಿದೊಡನೆ ಓದುಗನು ತಾನು ಕಂಡ ಕಾಡನ್ನೇ ಅಲ್ಲಿ ಬೆಳೆಸಿಕೊಳ್ಳುತ್ತಾನೆ. ಚಿತ್ರಕಾರರು ಬಂದು ನಾಲ್ಕು ಮರ ಬರೆದುಬಿಟ್ಟರೆ, ಆ ಕಾಡಿಗೆ ಬೇಲಿ ಬಿದ್ದಂತೆಯೇ ಸರಿ. ಇಡೀ ಕಾದಂಬರಿಯನ್ನೇ ಕಾಮಿಕ್ಸ್ ಮಾಡಿದರಂತೂ ಹೇಳುವುದೇ ಬೇಡ.

ಅಮೆರಿಕದ ಲೇಖಕ ಎಲ್. ಫ್ರಾಂಕ್ ಬಾಮ್ ಅವರು ‘ದಿ ವಂಡರ್‌ಫುಲ್ ವಿಜರ್ಡ್ ಆಫ್ ಓಜ್’ ಕಾದಂಬರಿಯನ್ನು ಪ್ರಕಟಿಸಿದ್ದು 1900ರಲ್ಲಿ. ಸುಂಟರಗಾಳಿಗೆ ಸಿಕ್ಕಿದ ಡೊರೊಥಿಯೆಂಬ ಬಾಲಿಕೆ ಮನೆಸಮೇತ ಮಾಯಾದೇಶಕ್ಕೆ ಹಾರಿಹೋಗುವ ಕಥೆ ಅದು. ಮಕ್ಕಳ ಒತ್ತಾಯ ಎಷ್ಟಿತ್ತೆಂದರೆ, ಬಾಮ್ ಅವರು ಓಜ್ ದೇಶದ ಮೇಲೆ ಒಟ್ಟು 14 ಕಾದಂಬರಿಗಳನ್ನು ಬರೆಯಬೇಕಾಯಿತು. 2008ರ ಕೊನೆಯಲ್ಲಿ ಮಾರ್ವೆಲ್ ಸಂಸ್ಥೆ ಮೊದಲನೆಯ ಕಾದಂಬರಿಯನ್ನು 8 ಸಂಚಿಕೆಗಳ ಕಾಮಿಕ್ಸ್ ಆಗಿ ಹೊರತರಲಾರಂಭಿಸಿತು. ಮಾತುಗಳನ್ನು ಅಳವಡಿಸಿದವರು ಎರಿಕ್ ಶಾನವರ್. ಚಿತ್ರಗಳು ಸ್ಕಾಟಿ ಯಂಗ್ ಅವರವು. 2010ರಲ್ಲಿ ಅದಕ್ಕೆ ಐಸ್ನರ್ ಪ್ರಶಸ್ತಿಯೂ ಬಂದಿತು. ಮುಂದೆ ಈ ಜೋಡಿ ಇನ್ನೂ ಐದು ಕಾದಂಬರಿಗಳನ್ನು ಇದೇ ರೂಪಕ್ಕೆ ತಂದಿತು.

ಅಳವಡಿಸುವವರ ಕೆಲಸ ಬರೆಯುವುದಕ್ಕಿಂತ ಹೆಚ್ಚಾಗಿ ಅಳಿಸುವುದು. ಕಾನ್ಸಾಸ್ ಬಯಲು, ಅಲ್ಲಿಯ ಮನೆ, ಕೊನೆಗೆ ಚಿಕ್ಕಮ್ಮನ ಕಣ್ಣುಗಳೂ ಬೂದುಬಣ್ಣಕ್ಕೆ ತಿರುಗಿದ್ದವೆಂದು ಹೇಳಲು ಬಾಮ್ ಅವರಿಗೆ ಎಷ್ಟೋ ವಾಕ್ಯಗಳು ಬೇಕಾದವು. ಕಾಮಿಕ್ಸ್‌ನಲ್ಲಿ ಆ ಕೆಲಸಕ್ಕೆ ಒಂದೆರಡು ಚೌಕಗಳು ಸಾಕು. ಉಳಿದ ಜಾಗದಲ್ಲಿ ಹುಲ್ಲುಬೊಂಬೆ ಮಾತನಾಡಬಹುದು, ತಗಡಿನ ಮನುಷ್ಯ ಕಣ್ಣೀರಿಟ್ಟು ತುಕ್ಕು ಹಿಡಿಯಬಹುದು.

ಈ ಪುಸ್ತಕವನ್ನು ನಮ್ಮ ಮನೆಯಲ್ಲಿ ಮೊದಲು ಓದಿದವಳು ಹತ್ತು ವರ್ಷದ ಮೊಮ್ಮಗಳು. ಓದಿದವಳೇ, “ತಾತ, ಇವರು ತಪ್ಪು ಮಾಡಿದ್ದಾರೆ. ಡೊರೊಥಿಯ ಪಾದರಕ್ಷೆ ಕೆಂಪಗಿರಬೇಕಲ್ಲವೆ?” ಎಂದು ತಂದು ತೋರಿಸಿದಳು. ಅವಳು ಅದಕ್ಕೆ ಮೊದಲು ನೋಡಿದ್ದು 1939ರ ಚಲನಚಿತ್ರ. ಬಾಮ್ ಬರೆದುದು ಬೆಳ್ಳಿಯ ಪಾದರಕ್ಷೆ. ಟೆಕ್ನಿಕಲರ್‌ನಲ್ಲಿ ಕಳೆಕಟ್ಟಲೆಂದು ಚಿತ್ರದವರು ಅದನ್ನು ಮಾಣಿಕ್ಯದ ಕೆಂಪು ಮಾಡಿದರು. ಓಜ್ ಯಾತ್ರೆಯೆಲ್ಲವೂ ಒಂದು ಕನಸೆಂದು ತೋರಿಸಿದವರೂ ಅವರೇ. ಕಾದಂಬರಿಯಲ್ಲಿ ಆ ದೇಶ ನಿಜವಾದದ್ದೇ. ಎಪ್ಪತ್ತು ವರ್ಷಗಳ ಮೇಲೆ ಬಂದ ಈ ಕಾಮಿಕ್ಸ್ ಬೆಳ್ಳಿಯನ್ನು ಬೆಳ್ಳಿಯಾಗಿಯೇ ಉಳಿಸಿತ್ತು.

“ಯಾರದು ಸರಿಯೆಂದು ನೀನೇ ನೋಡು” ಎಂದು ಮೂಲ ಕಾದಂಬರಿಯನ್ನು ಅವಳ ಕೈಗಿತ್ತೆ. ಎರಡು ದಿನ ಮನೆಯಲ್ಲಿ ಅವಳ ಸದ್ದಿಲ್ಲ. ಮೂರನೆಯ ದಿನ ಅವಳದೇ ಒಂದು ಡೊರೊಥಿ ಸಿದ್ಧವಾಗಿತ್ತು: ಎರಡು ಜಡೆ, ಕಾಲಿಗೆ ಬೆಳ್ಳಿಯ ಗೆಜ್ಜೆ! ಬಾಮ್ ಗೆಜ್ಜೆಯ ಮಾತೆತ್ತಿಲ್ಲವೆಂದು ನಾನು ಆಕ್ಷೇಪಿಸಲಿಲ್ಲ. ಮೊದಲ ಪುಸ್ತಕಕ್ಕೆ ಚಿತ್ರ ಬರೆದ ಡೆನ್‌ಸ್ಲೋ ಅವರ ಡೊರೊಥಿ ಒಂದು ಬಗೆ, ಮುಂದಿನ ಪುಸ್ತಕಗಳಿಗೆ ಚಿತ್ರ ಬರೆದ ನೀಲ್ ಅವರದು ಇನ್ನೊಂದು, ಯಂಗ್ ಅವರದು ಮತ್ತೊಂದು. ನಮ್ಮ ಮನೆಯದೂ ಒಂದು ಇರಲಿ.

ಕಾದಂಬರಿಯಲ್ಲಿ ಮರಕತ ನಗರವೆಂಬುದೊಂದಿದೆ. ಅದರ ಹೆಬ್ಬಾಗಿಲಲ್ಲೇ ಬಂದವರಿಗೆಲ್ಲ ಹಸಿರು ಕನ್ನಡಕ ತೊಡಿಸಿ ಬೀಗ ಹಾಕುತ್ತಾರೆ. ಊರೆಲ್ಲ ಹಸಿರಾಗಿ ಕಾಣುವುದರ ಗುಟ್ಟು ಅದೇ. ಒಂದೇ ಚಿತ್ರವನ್ನು ಕಂಡು ಅದೇ ಕಥೆಯೆಂದು ನಂಬುವುದೂ ಅಂಥದೊಂದು ಕನ್ನಡಕ. ಎರಡನೆಯ ಚಿತ್ರ ಕಣ್ಣಿಗೆ ಬಿದ್ದಾಗ ಅದರ ಬೀಗ ಸಡಿಲವಾಗುತ್ತದೆ. ಆದುದರಿಂದ ತಂದೆತಾಯಂದಿರಲ್ಲಿ ನನ್ನದೊಂದು ಬಿನ್ನಹ: ಮಕ್ಕಳಿಗೆ ಕಾಮಿಕ್ಸ್ ಅಗತ್ಯವಾಗಿ ಕೊಡಿ. ಪಕ್ಕದಲ್ಲಿ ಮೂಲ ಪುಸ್ತಕವನ್ನೂ ಇಡಿ. ಬೀಗದ ಕೈ ಇರುವುದು ಅದರೊಳಗೆ.