ಅಕ್ಕನೇ ಅತ್ತೆಯಾದಾಗ

ಆರಾಧನೆಯ ಮೂರು ದಿನ ಮಂತ್ರಾಲಯದ ನಮ್ಮ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಲು ಜಾಗವಿರುತ್ತಿರಲಿಲ್ಲ. 1671ರಲ್ಲಿ ರಾಯರು ಬೃಂದಾವನ ಪ್ರವೇಶ ಮಾಡಿದ್ದು ಶ್ರಾವಣ ಬಹುಳ ಬಿದಿಗೆಯಂದು. ಆ ತಿಥಿಗೆ ಆದವಾನಿ, ರಾಯಚೂರು, ಬಳ್ಳಾರಿಗಳಿಂದ ಬಂದವರೆಲ್ಲ ಕಾಲು ತೊಳೆಯುವ ಮೊದಲೇ ಕೇಳುತ್ತಿದ್ದುದು ‘ನೀವು ಯಾರ ಪೈಕಿ?’ ಎಂದು. ಕಾಫಿ ಆರುವುದರೊಳಗೆ ಯಾವುದಾದರೊಂದು ನಂಟು ಹೊರಬೀಳುತ್ತಿತ್ತು. ಇಬ್ಬರ ನಡುವಿನ ಅತಿ ಹತ್ತಿರದ ದಾರಿಯನ್ನು ನಮ್ಮ ಸೋದರತ್ತೆಯಷ್ಟು ಚುರುಕಾಗಿ ಹುಡುಕುವ ಅಲ್ಗಾರಿದಮ್ ನನಗಿನ್ನೂ ಸಿಕ್ಕಿಲ್ಲ.

ಗುಂತಕಲ್ಲು, ಬಳ್ಳಾರಿ, ಗದಗ ದಾಟಿ ನಾನು ಗಣಿತ ಓದಲು ಧಾರವಾಡಕ್ಕೆ ಹೋದೆ. ಅಲ್ಲಿ ಹಿಡಿದದ್ದು ಗ್ರಾಫ್ ಥಿಯರಿ. ‘ಗ್ರಾಫ್ ಅಂದ್ರ ಚೌಕಳಿ ಹಾಳಿ ಮ್ಯಾಲ ಗೆರಿ ಎಳಿಯೋದೇನಪಾ?’ ಎಂದು ಅತ್ತೆ ಕೇಳಿದರು. ಹಾಳೆಯೇ ಬೇಡ, ಬಿಂದುಗಳು ಮತ್ತು ಯಾವುದಕ್ಕೆ ಯಾವುದು ಸೇರಿದೆ ಎಂಬ ಲೆಕ್ಕವಿದ್ದರೆ ಸಾಕು ಎಂದೆ. ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಒಗಟನ್ನು ಆಯ್ಲರ್ 1736ರಲ್ಲಿ ಬಿಡಿಸಿದ್ದು ಹಾಗೆಯೇ. ಧಾರವಾಡಕ್ಕೂ ಈ ವಿದ್ಯೆಯಲ್ಲಿ ದೊಡ್ಡ ಹೆಸರಿದೆ. ಇ. ಸಂಪತ್ಕುಮಾರ್ ಮತ್ತು ಎಚ್. ಬಿ. ವಾಲೀಕಾರ 1979ರಲ್ಲಿ ಒಂದು ಪ್ರಶ್ನೆ ಎತ್ತಿದರು: ಉಳಿದ ಪ್ರತಿ ಬಿಂದುವಿಗೂ ಆಯ್ದ ಬಿಂದುವೊಂದು ನೆರೆಯಲ್ಲಿರಬೇಕು, ಆಯ್ದವು ತಮ್ಮತಮ್ಮಲ್ಲೂ ಜೋಡಿಕೊಂಡಿರಬೇಕು, ಹಾಗಾದರೆ ಕಡಿಮೆಯೆಂದರೆ ಎಷ್ಟನ್ನು ಆಯಬೇಕು? ಆಗ ಅದು ಬರೀ ಗಣಿತ. ಮುಂದೆ ವೈರ್‌ಲೆಸ್ ಜಾಲಗಳವರು ಸುದ್ದಿ ಸಾಗಿಸುವ ಬೆನ್ನೆಲುಬನ್ನು ಕಟ್ಟಲು ಇದನ್ನೇ ಎತ್ತಿಕೊಂಡರು.

ನಾನು ಮಾತ್ರ ಚಿತ್ರದ ಕಡೆ ಜಾರಿದೆ. ಥಿಯರಿಯವರಿಗೆ ಚಿತ್ರವೆಂದರೆ ತುಸು ಸಸಾರ; ಸಾಧನೆ ಮುಗಿದ ಮೇಲೆ ಹಾಕುವ ಅಲಂಕಾರ ಎಂಬ ಭಾವ. ಆದರೆ ಡಬ್ಲ್ಯು. ಟಿ. ಟಟ್ ಅಂಥ ಘಟಾನುಘಟಿಯೇ 1963ರಲ್ಲಿ ಗ್ರಾಫನ್ನು ಬರೆಯುವುದು ಹೇಗೆ ಎಂದು ಪ್ರಬಂಧ ಬರೆದಿದ್ದರು. ಜಪಾನಿನ ಕೋಜೋ ಸುಗಿಯಾಮ ಮತ್ತು ಸಂಗಡಿಗರು 1981ರಲ್ಲಿ ಹೇಳಿದ ಕ್ರಮ ನನಗೆ ಇನ್ನೂ ಹತ್ತಿರದ್ದು. ಬಿಂದುಗಳನ್ನು ಮೇಲಿಂದ ಕೆಳಕ್ಕೆ ಸಾಲುಸಾಲಾಗಿ ಕೂರಿಸಬೇಕು, ಗೆರೆಗಳೆಲ್ಲ ಕೆಳಮುಖವಾಗಿರಬೇಕು, ಆಮೇಲೆ ಆಯಾ ಸಾಲಿನೊಳಗೆ ಜಾಗ ಅದಲುಬದಲು ಮಾಡುತ್ತ ಗೆರೆಗಳು ಒಂದನ್ನೊಂದು ದಾಟುವುದನ್ನು ಕಡಿಮೆ ಮಾಡಬೇಕು. ವಂಶಾವಳಿಗೆ ಹೇಳಿ ಮಾಡಿಸಿದ್ದು ಎಂದುಕೊಂಡು ನಮ್ಮದನ್ನೇ ಕೂರಿಸಹೊರಟೆ.

ವಂಶವೃಕ್ಷ ಎನ್ನುತ್ತಾರಲ್ಲ, ನಮ್ಮದು ವೃಕ್ಷವೇ ಅಲ್ಲ. ಗಣಿತದ ಮರದಲ್ಲಿ ಸುತ್ತುಗಳಿರಬಾರದು. ಅಜ್ಜಿ ಮದುವೆಯಾದದ್ದು ಸೋದರಮಾವನನ್ನು. ಅಜ್ಜನಿಗೆ ಅಕ್ಕನೇ ಅತ್ತೆ. ಅಜ್ಜನಿಂದ ಅವನ ತಂದೆತಾಯಿಗೆ ಹತ್ತಿ, ಅಕ್ಕನಿಗೆ ಇಳಿದು, ಅವಳ ಮಗಳಾದ ಅಜ್ಜಿಯ ಮೂಲಕ ಅಜ್ಜನ ಬಳಿಗೇ ಬಂದು ನಿಲ್ಲಬಹುದು. ಸಾಲಿನ ಲೆಕ್ಕಕ್ಕೆ ಅಜ್ಜ ಒಂದು ಮೆಟ್ಟಿಲು ಮೇಲೆ, ಅಜ್ಜಿ ಕೆಳಗೆ. ಗಂಡಹೆಂಡಿರನ್ನು ಒಟ್ಟಿಗೆ ಕೂರಿಸಲು ಅಜ್ಜನನ್ನು ಇಳಿಸಿದರೆ, ಅವನ ಒಡಹುಟ್ಟಿದವರ ಸಾಲಿನಲ್ಲಿ ಖಾಲಿ ಜಾಗಕ್ಕೊಂದು ಹುಸಿ ಬಿಂದು ಇಟ್ಟು ಗೆರೆಯನ್ನು ಅದರ ಮೂಲಕ ಹಾಯಿಸಬೇಕು. ಇನ್ನು ಸೋದರತ್ತೆಯ ಮಗಳು, ಸೋದರಮಾವನ ಮಗ ಎಂದು ಕೊಟ್ಟುತಂದದ್ದೆಲ್ಲ ಸೇರಿದರೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಬರೀ ಸಿಕ್ಕು.

ಅತ್ತೆ ಕನ್ನಡಕ ಏರಿಸಿ ನೋಡಿದರು. ‘ನನ್ನ ಹೆಸರಿನ ಹತ್ರ ಇಷ್ಟು ಗೆರಿ ಯಾಕ ದಾಟ್ಯಾವ?’

ದಾಟುವುದನ್ನು ಕನಿಷ್ಠ ಮಾಡುವ ಸಮಸ್ಯೆ ಎನ್‌ಪಿ-ಕಂಪ್ಲೀಟ್ ಎಂದು ಗ್ಯಾರಿ ಮತ್ತು ಜಾನ್ಸನ್ 1983ರಲ್ಲೇ ಸಾಧಿಸಿದ್ದಾರೆ, ಎಲ್ಲ ಗ್ರಾಫಿಗೂ ಒಗ್ಗುವ ಬೇಗದ ದಾರಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ ಎಂದು ವಿವರಿಸಿದೆ.

‘ಕಷ್ಟ ಅಂತ ಬಿಟ್ರ ಆಗ್ತದೇನು? ನಿಮ್ಮ ಕಾಕಾನ ಮನಿಯವರನ್ನ ಈ ಕಡೆ ಸರಸು.’

ನಮ್ಮ ತಂತ್ರಾಂಶಗಳು ಮಾಡುವುದೂ ಹೆಚ್ಚುಕಡಿಮೆ ಇಷ್ಟೇ. ಸರಿಸಿದೆ. ಅತ್ತೆಯ ಹತ್ತಿರದ ಗೆರೆಗಳು ಬಿಡಿಸಿಕೊಂಡವು. ಬಳ್ಳಾರಿಯವರ ಕಡೆ ಒಂದು ಹೊಸದಾಗಿ ಸಿಕ್ಕಿಕೊಂಡಿತು.

‘ಇರಲಿ ಬಿಡು, ಅವರು ಇಷ್ಟು ಸಣ್ಣ ಅಕ್ಷರ ಓದೂದಿಲ್ಲ’ ಎಂದರು.